ಹಸಿರು ಗೆರೆಯನ್ನು ತಿದ್ದುವ ಕೆಲಸ

ಗುಜರಿ ಅಂಗಡಿಯ ತಕ್ಕಡಿಯಲ್ಲಿ ಅದು ಎಂಟು ಕೆ.ಜಿ. ತೂಗಿತು. ಬೂದು ಬಣ್ಣದ ತಗಡಿನ ಪೆಟ್ಟಿಗೆ, ಮುಂದೆ ಅಂಗೈ ಅಗಲದ ಗಾಜಿನ ಪರದೆ, ಅದರ ಪಕ್ಕದಲ್ಲಿ ಒತ್ತೊತ್ತಾಗಿ ನಾಬ್‌ಗಳು, ಸ್ವಿಚ್ಚುಗಳು. ಕಾಲೇಜೊಂದರ ಪ್ರಯೋಗಾಲಯದ ಹಳೆಯ ಸಾಮಾನು ಹರಾಜಿಗೆ ಬಂದಾಗ ಇದೂ ಹೊರಬಿದ್ದಿತ್ತು. ಒಳಗಿನ ತಾಮ್ರಕ್ಕೂ ಅಲ್ಯೂಮಿನಿಯಂಗೂ ಅಂಗಡಿಯವರು ಬೆಲೆ ಕಟ್ಟಿದರು. ಪರದೆಗೆ ಬೆಲೆ ಇರಲಿಲ್ಲ. ಮೇಲಿನ ತಗಡಿನಲ್ಲಿ ಯಾರೋ ಬಿಳಿ ಬಣ್ಣದಿಂದ ಬರೆದ ಅಕ್ಷರಗಳು ಮಾತ್ರ ಇನ್ನೂ ಮಾಸಿರಲಿಲ್ಲ: ‘ಸಿಆರ್‌ಓ 7’.

ನಮ್ಮಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಎಲೆಕ್ಟ್ರಾನಿಕ್ಸ್ ಓದಿದ ಯಾರಿಗೂ ಆ ಹೆಸರು ಹೊಸದಲ್ಲ. ಕ್ಯಾಥೋಡ್ ರೇ ಆಸಿಲೋಸ್ಕೋಪ್ ಎಂದು ಪೂರ್ತಿ ಹೇಳುವವರು ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಷ್ಟೇ ಸಿಗುತ್ತಾರೆ. ಲ್ಯಾಬಿನಲ್ಲಿ ಅದು ಸಿಆರ್‌ಓ. ಆ ಲ್ಯಾಬುಗಳಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಮಾತು ಯಾವುದೆಂದು ಲೆಕ್ಕ ಹಾಕಿದರೆ ಬಹುಶಃ ಇದೇ ಇರಬೇಕು: ‘ಸರ್, ಗೆರೆ ಬರ್ತಾ ಇಲ್ಲ.’

ನನ್ನ ಮೇಜಿಗೆ ಬಂದ ಏಳನೇ ನಂಬರಿನಲ್ಲೂ ಗೆರೆ ಬರುತ್ತಿರಲಿಲ್ಲ. ಎರಡು ಚಾನೆಲ್‌ಗಳ, 20 ಮೆಗಾಹರ್ಟ್ಸ್‌ನ, ಟ್ರಾನ್ಸಿಸ್ಟರ್ ಕಾಲದ ಸಾಧಾರಣ ಯಂತ್ರ ಅದು. ಅದನ್ನು ಮತ್ತೆ ಬರೆಯುವಂತೆ ಮಾಡಲು ಆರು ಭಾನುವಾರಗಳು ಹಿಡಿದವು. ಆ ಆರು ಭಾನುವಾರಗಳಲ್ಲಿ ಕಲಿತದ್ದನ್ನು ಹಂಚಿಕೊಳ್ಳುವುದು ಈ ಲೇಖನದ ಒಂದು ಉದ್ದೇಶ. ಇಂಥ ಯಂತ್ರಗಳನ್ನು ತೂಕಕ್ಕೆ ಹಾಕುವ ಮೊದಲು ಒಂದು ಕ್ಷಣ ಯೋಚಿಸಿ ಎಂದು ಕೇಳಿಕೊಳ್ಳುವುದು ಇನ್ನೊಂದು.

ಚುಕ್ಕೆಯೊಂದು ಗೆರೆಯಾಗುವ ಬಗೆ

1897ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಜರ್ಮನ್ ಭೌತವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ಒಂದು ಗಾಜಿನ ಕೊಳವೆ ಮಾಡಿಸಿದರು. ಗಾಳಿ ತೆಗೆದ ಆ ಕೊಳವೆಯ ಒಂದು ತುದಿಯಿಂದ ಹೊರಟ ಕಿರಣ ಇನ್ನೊಂದು ತುದಿಯ ಪರದೆಗೆ ಬಡಿದು ಅಲ್ಲಿ ಹೊಳೆಯುವ ಚುಕ್ಕೆಯಾಗುತ್ತಿತ್ತು. ವಿದ್ಯುತ್ ಏರಿಳಿದಂತೆ ಚುಕ್ಕೆಯೂ ಏರಿಳಿಯುತ್ತಿತ್ತು. ಅದೇ ವರ್ಷ ಕೇಂಬ್ರಿಡ್ಜಿನಲ್ಲಿ ಜೆ.ಜೆ. ಥಾಮ್ಸನ್ ಆ ಕಿರಣದಲ್ಲಿ ಹರಿಯುವುದು ಪರಮಾಣುವಿಗಿಂತಲೂ ಹಗುರಾದ ಕಣಗಳೆಂದು ತೋರಿಸಿದರು. ನಾವು ಇಂದು ಎಲೆಕ್ಟ್ರಾನ್ ಎನ್ನುವುದು ಆ ಕಣಗಳನ್ನೇ. ಬ್ರೌನ್ 1909ರಲ್ಲಿ ಮಾರ್ಕೋನಿ ಜೊತೆ ನೊಬೆಲ್ ಹಂಚಿಕೊಂಡರು. ಆ ಗೌರವ ಸಂದದ್ದು ನಿಸ್ತಂತು ಸಂದೇಶದ ಕೆಲಸಕ್ಕೆ. ಆದರೆ ಪ್ರಯೋಗಾಲಯದವರು ಅವರನ್ನು ನೆನೆಯುವುದು ಈ ಕೊಳವೆಗಾಗಿ.

ಏಳನೇ ನಂಬರಿನ ಕೊಳವೆಯೂ ಅದೇ ವಂಶದ್ದು. ಹಿಂಬದಿಯಲ್ಲಿ ಕೆಂಪಗೆ ಕಾಯುವ ಪುಟ್ಟ ತಂತಿ, ಅದರ ಬಿಸಿಗೆ ಎಲೆಕ್ಟ್ರಾನ್ ಸೂಸುವ ಕ್ಯಾಥೋಡ್, ಅವುಗಳನ್ನು ಒಂದೆಡೆ ಕೂಡಿಸಿ ಚುಕ್ಕೆ ಮಾಡುವ ಲೋಹದ ಉಂಗುರಗಳು. ಸುಮಾರು 2,000 ವೋಲ್ಟ್ ಒತ್ತಡ ಕೊಟ್ಟರೆ ಎಲೆಕ್ಟ್ರಾನ್‌ಗಳು ಸೆಕೆಂಡಿಗೆ 26,000 ಕಿಲೋಮೀಟರ್ ದಾಟಿದ ವೇಗದಲ್ಲಿ ಪರದೆಗೆ ಅಪ್ಪಳಿಸುತ್ತವೆ. ದಾರಿಯಲ್ಲಿ ಎರಡು ಜೋಡಿ ಫಲಕಗಳಿವೆ. ಒಂದು ಜೋಡಿ ಕಿರಣವನ್ನು ಮೇಲೆ ಕೆಳಗೆ ಎಳೆದರೆ ಇನ್ನೊಂದು ಎಡಬಲಕ್ಕೆ ಎಳೆಯುತ್ತದೆ. ಮೇಲೆ ಕೆಳಗೆ ಎಳೆಯುವುದು ನಾವು ನೋಡಬೇಕೆಂದಿರುವ ಸಿಗ್ನಲ್. ಎಡದಿಂದ ಬಲಕ್ಕೆ ಎಳೆಯುವುದು ಯಂತ್ರದೊಳಗೇ ಹುಟ್ಟುವ ಸ್ವೀಪ್, ಅಂದರೆ ಸಮವಾಗಿ ಏರಿ ಥಟ್ಟನೆ ಇಳಿಯುವ ವೋಲ್ಟೇಜ್.

ಈ ಸ್ವೀಪ್ ಎಷ್ಟು ವೇಗದ್ದು? 20 ಮೆಗಾಹರ್ಟ್ಸ್ ಯಂತ್ರಗಳಲ್ಲಿ ಚುಕ್ಕೆ ಒಂದು ಸೆಂಟಿಮೀಟರ್ ಚೌಕ ದಾಟಲು 0.2 ಮೈಕ್ರೋಸೆಕೆಂಡ್ ಸಾಕು. ಅಂದರೆ ಸೆಕೆಂಡಿಗೆ 50 ಕಿಲೋಮೀಟರ್. ಆ ವೇಗದಲ್ಲಿ ಹೊರಟರೆ ಬೆಂಗಳೂರಿನಿಂದ ಮೈಸೂರಿಗೆ ಮೂರು ಸೆಕೆಂಡು. ಅಂಥ ಓಟದಲ್ಲಿ ಒಂದೇ ಸಲ ಬರೆದು ಹೋದ ಗೆರೆ ಕಣ್ಣಿಗೆ ಕಾಣುವುದಿಲ್ಲ. ಅದೇ ಗೆರೆಯನ್ನು ಅದೇ ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಸಲ ಬರೆದರೆ ಮಾತ್ರ ಅದು ನಿಂತ ಚಿತ್ರದಂತೆ ಕಾಣುತ್ತದೆ.

ಹಿಂದೆ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಬಗೆ ಇದಕ್ಕೆ ಹತ್ತಿರದ ಹೋಲಿಕೆ. ಮರಳಿನ ಮೇಲೋ ಸ್ಲೇಟಿನ ಮೇಲೋ ದೊಡ್ಡವರು ಒಂದು ‘ಅ’ ಬರೆದುಕೊಡುತ್ತಿದ್ದರು. ಮಗು ಅದರ ಮೇಲೆಯೇ ಬೆರಳಾಡಿಸಿ ಮತ್ತೆ ಮತ್ತೆ ತಿದ್ದಬೇಕು. ಪ್ರತಿ ಸಲವೂ ಶುರುಮಾಡುವ ಜಾಗ ಒಂದೇ ಆಗಿದ್ದರೆ ಅಕ್ಷರ ದುಂಡಗಾಗುತ್ತದೆ. ಒಂದೊಂದು ಸಲ ಒಂದೊಂದು ಕಡೆ ಶುರುವಾದರೆ ಗೀಚಾಗುತ್ತದೆ. ಸಿಆರ್‌ಓದಲ್ಲಿ ಶುರುವಿನ ಜಾಗವನ್ನು ಹಿಡಿದುಕೊಡುವ ಭಾಗಕ್ಕೆ ಟ್ರಿಗರ್ ಎಂದು ಹೆಸರು. ಅಲೆ ಇಷ್ಟು ಎತ್ತರಕ್ಕೆ ಏರುತ್ತಿರುವಾಗ ಮಾತ್ರ ಬರೆಯಲು ತೊಡಗು ಎಂದು ಅದು ಸ್ವೀಪ್‌ಗೆ ಅಪ್ಪಣೆ ಕೊಡುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಕೆಲಸ ಮಾಡಿ ಬಂದ ಹೊವರ್ಡ್ ವೊಲ್ಲಮ್ ತಮ್ಮ ಗೆಳೆಯ ಜ್ಯಾಕ್ ಮರ್ಡಾಕ್ ಜೊತೆ 1946ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಟೆಕ್‌ಟ್ರಾನಿಕ್ಸ್ ಕಂಪನಿ ಕಟ್ಟಿದರು. 1947ರಲ್ಲಿ ಹೊರಬಂದ ಅವರ 511 ಮಾದರಿ, ಟ್ರಿಗರ್ ಆದ ಸ್ವೀಪನ್ನೂ ಅಳತೆಗೆ ನಂಬಬಹುದಾದ ಗೆರೆಯನ್ನೂ ಸಾಮಾನ್ಯ ಎಂಜಿನಿಯರನ ಮೇಜಿಗೆ ತಂದಿತು. ಅಲ್ಲಿಯವರೆಗೆ ಆಸಿಲೋಸ್ಕೋಪ್ ಹೆಚ್ಚಾಗಿ ಅಲೆಯ ಆಕಾರ ನೋಡುವ ಕಿಟಕಿಯಾಗಿತ್ತು. ಅಲ್ಲಿಂದ ಮುಂದೆ ಅದು ಅಳೆಯುವ ಕೋಲಾಯಿತು.

ಮೊದಲು ಕಣ್ಣು, ಆಮೇಲೆ ಮೂಗು

ನನಗೆ ಜೊತೆಯಾದವರು ಪಾಲಿಟೆಕ್ನಿಕ್ ಒಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ನಿವೃತ್ತರಾದ ನನ್ನ ಮೇಷ್ಟ್ರು. ಪೆಟ್ಟಿಗೆಯನ್ನು ಕಂಡ ಕೂಡಲೇ ನಾನು ಪ್ಲಗ್ ಹಾಕಲು ಹೊರಟಿದ್ದೆ. ಅವರು ಕೈ ಹಿಡಿದರು.

‘ಎಷ್ಟು ವರ್ಷದಿಂದ ಮಲಗಿದೆಯೋ ಏನೋ. ಎಬ್ಬಿಸೋದಕ್ಕೆ ಮುಂಚೆ ಮೈ ಮುಟ್ಟಿ ನೋಡಬೇಕಪ್ಪ.’

ಮೊದಲ ಭಾನುವಾರ ಪೂರ್ತಿ ಕರೆಂಟ್ ಮುಟ್ಟಲಿಲ್ಲ. ತಗಡು ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದೆವು. ಕಪ್ಪಾದ ರೆಸಿಸ್ಟರ್ ಉಂಟೇ, ತಲೆ ಉಬ್ಬಿದ ಕೆಪಾಸಿಟರ್ ಉಂಟೇ, ಬೋರ್ಡಿನ ಮೇಲೆ ಅಂಟಂಟು ದ್ರವ ಸೋರಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿದೆವು. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಒಂದು ವಾಸನೆ, ಸೋರಿದ ಎಲೆಕ್ಟ್ರೋಲಿಟಿಕ್‌ಗೆ ಇನ್ನೊಂದು. ಬಲ್ಲವರ ಮೂಗು ಮೀಟರಿಗಿಂತ ಮೊದಲೇ ಹೇಳಿಬಿಡುತ್ತದೆ. ಮೇಷ್ಟ್ರು ಇಂದಿಗೂ ಕೆಪಾಸಿಟರನ್ನು ಕಂಡೆನ್ಸರ್ ಎಂದೇ ಕರೆಯುತ್ತಾರೆ. ರೇಡಿಯೋ ಕಾಲದ ಮೆಕ್ಯಾನಿಕ್‌ಗಳೆಲ್ಲರ ಬಾಯಲ್ಲೂ ಅದೇ.

ಎರಡನೇ ಭಾನುವಾರ ಸೀರೀಸ್ ಬೋರ್ಡ್ ತಂದರು. ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಗೋಡೆಯ ಮೇಲೆ ಇರುತ್ತಿದ್ದ ಅದೇ ಹಲಗೆ: 60 ವಾಟ್‌ನ ತಂತಿ ಬಲ್ಬಿನ ಮೂಲಕ ಹಾದು ಬಂದ ಕರೆಂಟು ಮಾತ್ರ ಯಂತ್ರಕ್ಕೆ ಸಿಗುತ್ತದೆ. ಒಳಗೆ ದೊಡ್ಡ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಯಂತ್ರ ಸುಡುವುದಿಲ್ಲ. ನಮ್ಮ ಬಲ್ಬು ಒಮ್ಮೆ ಝಗ್ಗನೆ ಹೊಳೆದು ಮಂಕಾಯಿತು. ಟ್ರಾನ್ಸ್‌ಫಾರ್ಮರ್ ಕ್ಷೇಮ ಎಂದು ಅರ್ಥ.

ಈ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಸಿಆರ್‌ಓದ ಒಳಗೆ ಸಾವಿರಾರು ವೋಲ್ಟ್ ಇದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಸರಿಯಾದ ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಇಳಿದಿದೆಯೆಂದು ಅಳೆದು ನೋಡಿದ ಮೇಲೆಯೇ ಕೈ ಹಾಕಬೇಕು. ಅಳೆಯುವಾಗ ಒಂದು ಕೈ ಜೇಬಿನಲ್ಲಿರಲಿ. ಕರೆಂಟು ಎದೆಯ ಮೂಲಕ ಹಾದುಹೋಗಲು ದಾರಿ ಸಿಗಬಾರದು. ಅಧಿಕ ವೋಲ್ಟೇಜಿನ ಪ್ರೋಬ್ ಇಲ್ಲದಿದ್ದರೆ ಆ ಭಾಗದ ಹತ್ತಿರ ಹೋಗಬೇಡಿ. ಲ್ಯಾಬುಗಳಲ್ಲಿ ಪ್ಲಗ್ಗಿನ ಅರ್ತ್ ಪಿನ್ ಮುರಿದು ಬಳಸುವ ಅಭ್ಯಾಸವೂ ಬೇಡ. ಅರ್ತ್ ಹೋದರೆ ಪ್ರೋಬಿನ ಕ್ಲಿಪ್ ತಾಗಿಸಿದ ಜಾಗದ ವೋಲ್ಟೇಜ್ ಪೆಟ್ಟಿಗೆಯ ಇಡೀ ಮೈಗೆ ಬರಬಹುದು.

ಊಟವಿಲ್ಲದ ಆಳು

‘ಮೊದ್ಲು ಸಪ್ಲೈ ನೋಡು. ಆಳಿಗೆ ಊಟಾನೇ ಹಾಕದೆ ಯಾಕೋ ಕೆಲಸ ಮಾಡ್ತಿಲ್ಲ ಅಂತ ಕೇಳೋದು ನ್ಯಾಯ ಅಲ್ಲ.’

ಮೇಷ್ಟ್ರ ಈ ಮಾತು ದುರಸ್ತಿಯ ಮೊದಲ ಪಾಠ. ಯಂತ್ರದ ಜೊತೆ ಬಂದಿದ್ದ ಪುಸ್ತಕದ ಜೆರಾಕ್ಸ್ ಪ್ರತಿಯಲ್ಲಿ ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ಪಟ್ಟಿ ಇತ್ತು: ಪ್ಲಸ್ 12, ಮೈನಸ್ 12, ಪ್ಲಸ್ 5, ಪ್ಲಸ್ 140, ಮೈನಸ್ 1,900. ಐದರಲ್ಲಿ ಎರಡು ತಪ್ಪಿದ್ದವು.

ಪ್ಲಸ್ 12ರ ಸಾಲಿನಲ್ಲಿ 10.8 ವೋಲ್ಟ್ ಇತ್ತು. ಮೀಟರನ್ನು ಎಸಿಗೆ ತಿರುಗಿಸಿದರೆ ಅದರ ಮೇಲೊಂದು ಏರಿಳಿತವೂ ಕಂಡಿತು. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಒಂದು ದಿಕ್ಕಿಗೆ, 50 ಸಲ ಇನ್ನೊಂದು ದಿಕ್ಕಿಗೆ ಹರಿಯುತ್ತದೆ. ರೆಕ್ಟಿಫೈಯರ್ ದಾಟಿದ ಮೇಲೆ ಅದು ಸೆಕೆಂಡಿಗೆ 100 ಉಬ್ಬುಗಳಾಗುತ್ತದೆ. ಉಬ್ಬುಗಳ ನಡುವಿನ ಹಳ್ಳ ತುಂಬುವುದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಕೆಲಸ. ಅದರೊಳಗಿನ ದ್ರವ ವರ್ಷಗಳು ಉರುಳಿದಂತೆ ಆರಿಹೋಗುತ್ತದೆ. ಆರಿದರೆ ಹಳ್ಳ ಹಾಗೆಯೇ ಉಳಿದು, ರೆಗ್ಯುಲೇಟರಿಗೆ 12 ವೋಲ್ಟ್ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 105 ಡಿಗ್ರಿ ತಾಳುವ ಹೊಸ ಕೆಪಾಸಿಟರ್ ತಂದು ಹಾಕಿದೆವು. ಪ್ಲಸ್, ಮೈನಸ್ ಕಾಲು ಸರಿಯಾಗಿದೆಯೇ ಎಂದು ಮೂರು ಸಲ ನೋಡಿಯೇ ಸೀಸ ಕರಗಿಸಿದ್ದು. ಸಾಲು 12ಕ್ಕೆ ಬಂದು ನಿಂತಿತು.

ಮೈನಸ್ 12ರ ತೊಂದರೆ ಬೇರೆ ಜಾತಿಯದು. ಅಲ್ಲಿ 3 ವೋಲ್ಟ್ ಮಾತ್ರ ಇತ್ತು. ಕರೆಂಟ್ ಆರಿಸಿ ಓಮ್ಸ್‌ನಲ್ಲಿ ಅಳೆದರೆ ಎರಡೇ ಓಮ್. ಎಲ್ಲೋ ಶಾರ್ಟ್ ಆಗಿದೆ, ರೆಗ್ಯುಲೇಟರ್ ತನ್ನ ಮಿತಿಯಲ್ಲಿ ಕರೆಂಟನ್ನು ಹಿಡಿದು ತನ್ನನ್ನು ಉಳಿಸಿಕೊಂಡಿದೆ. ಆ ಸಾಲಿನ ಮೇಲೆ ಮಣಿಯಂಥ ಟಾಂಟಲಮ್ ಕೆಪಾಸಿಟರ್‌ಗಳು ಹದಿನಾಲ್ಕು. ಈ ಮಣಿಗಳು ಮುಪ್ಪಾದಾಗ ಆರುವುದಿಲ್ಲ; ಹೆಚ್ಚಿನಂಶ ಶಾರ್ಟ್ ಆಗುತ್ತವೆ. ಹದಿನಾಲ್ಕರಲ್ಲಿ ಕೆಟ್ಟದ್ದು ಯಾವುದು?

ಒಂದೊಂದನ್ನೇ ಕಿತ್ತು ನೋಡುತ್ತ ಹೋದರೆ ಹಳೆಯ ಬೋರ್ಡಿನ ತಾಮ್ರದ ಗೆರೆಗಳೇ ಎದ್ದುಬರುತ್ತವೆ. ಮೇಷ್ಟ್ರು ಬೇರೆ ದಾರಿ ತೋರಿಸಿದರು. ಹೊರಗಿನ ಸಪ್ಲೈಯಿಂದ 200 ಮಿಲಿಆಂಪಿಯರ್‌ನಷ್ಟು ಕರೆಂಟನ್ನು ಆ ಸಾಲಿಗೆ ಹರಿಸಿ, ತಾಮ್ರದ ಗೆರೆಯ ಉದ್ದಕ್ಕೂ ಮಿಲಿವೋಲ್ಟ್ ಅಳೆಯುತ್ತ ಹೋದರು. ಕರೆಂಟು ಹರಿಯುತ್ತಿರುವ ಕಡೆ ಹೆಜ್ಜೆ ಹೆಜ್ಜೆಗೂ ವೋಲ್ಟೇಜ್ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಶಾರ್ಟ್ ದಾಟಿದ ಮೇಲೆ ಹರಿವೇ ಇಲ್ಲ, ಆದ್ದರಿಂದ ಇಳಿತವೂ ಇಲ್ಲ. ಒಂಬತ್ತನೇ ಮಣಿಯ ಕಾಲಿನ ಬಳಿ ಇಳಿತ ನಿಂತಿತು. ಅದೊಂದನ್ನೇ ಕಿತ್ತೆವು. ಮೈನಸ್ 12 ಬಂತು.

ತಕ್ಕಡಿಯ ಎರಡು ತಟ್ಟೆ

ಸಪ್ಲೈ ಸರಿಯಾದರೂ ಪರದೆ ಕತ್ತಲೆಯೇ. ಕೊಳವೆಯ ಕುತ್ತಿಗೆಯಲ್ಲಿ ಕೆಂಡದ ಬಣ್ಣ ಕಾಣುತ್ತಿತ್ತು, ಅಂದರೆ ಹೀಟರ್ ಬದುಕಿದೆ. ಮುಂಭಾಗದಲ್ಲಿ ‘ಬೀಮ್ ಫೈಂಡ್’ ಎಂಬ ಗುಂಡಿಯಿತ್ತು. ದಾರಿ ತಪ್ಪಿ ಪರದೆಯ ಆಚೆ ಹೋದ ಕಿರಣವನ್ನು ಅದು ಒಳಗೆ ಎಳೆದು ತೋರಿಸುತ್ತದೆ. ಒತ್ತಿದೆ. ಮೇಲಿನ ಅಂಚಿನಲ್ಲಿ ಒಂದು ಹಸಿರು ಗೀಟು ಮೂಡಿತು, ಬೆರಳು ತೆಗೆದರೆ ಮಾಯ.

ಆ ಗೀಟನ್ನು ಕಂಡಾಗ ಆದ ಸಂತೋಷವನ್ನು ಹೇಳದೆ ಇರಲಾರೆ. ಕೊಳವೆ ಸತ್ತಿದ್ದರೆ ಕೆಲಸ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತಿತ್ತು. ಅಂಥ ಕೊಳವೆಗಳನ್ನು ಈಗ ಹೊಸದಾಗಿ ಮಾಡುವವರಿಲ್ಲ. ಕಿರಣ ಇದೆ, ಯಾರೋ ಅದನ್ನು ಮೇಲಕ್ಕೆ ಎಳೆದು ಹಿಡಿದಿದ್ದಾರೆ ಅಷ್ಟೇ.

ಎಳೆಯುವುದು ವರ್ಟಿಕಲ್ ಆಂಪ್ಲಿಫೈಯರ್. ಅದರ ಕಟ್ಟಡ ತಕ್ಕಡಿಯಂತೆ. ಹಂತ ಹಂತಕ್ಕೂ ಎರಡೆರಡು ಟ್ರಾನ್ಸಿಸ್ಟರ್‌ಗಳು, ಒಂದು ಮೇಲಿನ ಫಲಕಕ್ಕೆ, ಇನ್ನೊಂದು ಕೆಳಗಿನದಕ್ಕೆ. ಎರಡೂ ತಟ್ಟೆ ಸಮವಾದರೆ ಗೆರೆ ಮಧ್ಯದಲ್ಲಿರುತ್ತದೆ. ನಮ್ಮ ಯಂತ್ರದ ಒಂದು ಫಲಕದಲ್ಲಿ 130 ವೋಲ್ಟ್, ಇನ್ನೊಂದರಲ್ಲಿ 40 ಇತ್ತು. ಮುಳ್ಳು ಒಂದೇ ಕಡೆ ವಾಲಿತ್ತು. ಆದರೆ ಹಂತಗಳು ಒಂದರ ಬೆನ್ನಿಗೆ ಒಂದು ಜೋಡಿಸಿಕೊಂಡಿರುವುದರಿಂದ ಮೊದಲ ಹಂತದ ತಪ್ಪು ಕೊನೆಯವರೆಗೂ ದೊಡ್ಡದಾಗುತ್ತ ಬರುತ್ತದೆ. ಕೊನೆಯಲ್ಲಿ ಅಳೆದರೆ ಎಲ್ಲರೂ ತಪ್ಪಿತಸ್ಥರಂತೆಯೇ ಕಾಣುತ್ತಾರೆ.

ಇದಕ್ಕೊಂದು ಸೊಗಸಾದ ಉಪಾಯವಿದೆ. ಕಡಿಮೆ ವೋಲ್ಟೇಜಿನ ಹಂತವೊಂದರ ಎರಡೂ ಇನ್‌ಪುಟ್‌ಗಳನ್ನು ಪುಟ್ಟ ತಂತಿಯಿಂದ ಒಂದಕ್ಕೊಂದು ಸೇರಿಸಬೇಕು. ಸೇರಿಸಿದ ಕೂಡಲೇ ಎರಡು ಕಡೆಗೂ ಸಮಾನ ತೂಕ ಇಟ್ಟಂತಾಯಿತು. ಆಗ ಗೆರೆ ಮಧ್ಯಕ್ಕೆ ಬಂದರೆ ಅಲ್ಲಿಂದ ಮುಂದಿನದೆಲ್ಲ ಸರಿ, ತಪ್ಪು ಹಿಂದೆಲ್ಲೋ ಇದೆ. ಬಾರದಿದ್ದರೆ ತಪ್ಪು ಮುಂದಿದೆ. ಸಾಲಿನ ನಡುವಿನಿಂದ ಶುರುಮಾಡಿದರೆ ಪ್ರತಿ ಪರೀಕ್ಷೆಯಲ್ಲೂ ಸಂಶಯದ ಜಾಗ ಅರ್ಧಕ್ಕೆ ಇಳಿಯುತ್ತದೆ. ನೂರು ಬಿಡಿಭಾಗಗಳಿದ್ದರೂ ಏಳು ಪ್ರಶ್ನೆಗಳೊಳಗೆ ಒಂದಕ್ಕೆ ಬಂದು ನಿಲ್ಲಬಹುದು. ಡಾಕ್ಟರು, ವಕೀಲರು, ಬಾವಿಯ ಪಂಪು ನೋಡುವವರು ಎಲ್ಲರಿಗೂ ಒದಗುವ ವಿದ್ಯೆ ಇದು. ಅದನ್ನು ಇಷ್ಟು ನಿಚ್ಚಳವಾಗಿ ಕಣ್ಣೆದುರು ತೋರಿಸುವ ಇನ್ನೊಂದು ಯಂತ್ರ ನನಗೆ ಗೊತ್ತಿಲ್ಲ.

ನಮಗೆ ಮೂರು ಪ್ರಶ್ನೆ ಸಾಕಾದವು. ಉಳಿದ ಒಂದು ಹಂತದಲ್ಲಿ ಎರಡೇ ಟ್ರಾನ್ಸಿಸ್ಟರ್. ಸಿಲಿಕಾನ್ ಟ್ರಾನ್ಸಿಸ್ಟರ್ ಕೆಲಸ ಮಾಡುತ್ತಿದ್ದರೆ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.6 ವೋಲ್ಟ್ ಇರಬೇಕು. ಒಂದರಲ್ಲಿ ಇತ್ತು. ಇನ್ನೊಂದರಲ್ಲಿ ನಾಲ್ಕು ವೋಲ್ಟ್! ಒಳಗಿನ ಸಂಪರ್ಕ ಕಡಿದುಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಒಂದೇ ನಂಬರಿನ ಹತ್ತು ಟ್ರಾನ್ಸಿಸ್ಟರ್ ತಂದು, ಗೇನ್ ಅಳೆದು, ಹೆಚ್ಚುಕಡಿಮೆ ಒಂದೇ ಸಮ ಇದ್ದ ಎರಡನ್ನು ಆರಿಸಿ ಜೋಡಿಯಾಗಿಯೇ ಹಾಕಿದೆವು. ತಕ್ಕಡಿಗೆ ಹೊಸ ತಟ್ಟೆ ಕೊಡುವಾಗ ಒಂದನ್ನೇ ಬದಲಿಸಬಾರದಲ್ಲ.

ಗೆರೆ ಪರದೆಯ ನಡುವೆ ಬಂದು ಕೂತಿತು. ಸ್ವಲ್ಪ ಓರೆಯಾಗಿತ್ತು, ಅದು ರೋಗವಲ್ಲ. ಕೊಳವೆಗೆ ಮ್ಯೂ-ಮೆಟಲ್ ಎಂಬ ಮಿಶ್ರಲೋಹದ ಕವಚ ತೊಡಿಸಿದ್ದರೂ ಭೂಮಿಯ ಕಾಂತಶಕ್ತಿ ಕಿರಣವನ್ನು ಒಂದಿಷ್ಟು ಓರೆ ಮಾಡುತ್ತದೆ. ಯಂತ್ರವನ್ನು ಮೇಜಿನ ಮೇಲೆ ತಿರುಗಿಸಿಟ್ಟರೆ ಓರೆಯೂ ಬದಲಾಗುತ್ತದೆ. ಅದಕ್ಕೆಂದೇ ಮುಂದುಗಡೆ ‘ಟ್ರೇಸ್ ರೊಟೇಶನ್’ ಎಂಬ ಸಣ್ಣ ತೂತಿದೆ. ಸ್ಕ್ರೂಡ್ರೈವರ್ ಅರೆ ಸುತ್ತು ತಿರುಗಿಸಿದರೆ ಕೊಳವೆಯ ಸುತ್ತಲಿನ ಸುರುಳಿಯೊಂದು ಗೆರೆಯನ್ನು ನೆಟ್ಟಗೆ ಮಾಡುತ್ತದೆ. ಕೋಣೆಯಲ್ಲಿ ಕೂತು ಭೂಮಿಯ ಎಳೆತವನ್ನು ಕಣ್ಣಾರೆ ಕಂಡ ಹಾಗಾಯಿತು.

ಶುರುವಿನ ಜಾಗ

ಸಿಗ್ನಲ್ ಕೊಟ್ಟೆವು. ಅಲೆ ಬಂತು, ಆದರೆ ನಿಲ್ಲಲಿಲ್ಲ. ಪರದೆಯ ತುಂಬ ಓಡಾಡಿ ಗೀಚಾಯಿತು. ಲೆವೆಲ್ ನಾಬನ್ನು ಎತ್ತ ತಿರುಗಿಸಿದರೂ ಹಿಡಿತಕ್ಕೆ ಸಿಗಲಿಲ್ಲ. ಟ್ರಿಗರ್ ಸೋತಿತ್ತು.

ಇಲ್ಲಿಯೂ ಹಿಂದಿನ ಕ್ರಮವೇ. ಸಿಗ್ನಲ್ ಎಲ್ಲಿಯವರೆಗೆ ಬರುತ್ತಿದೆ ಎಂದು ಹೆಜ್ಜೆ ಹೆಜ್ಜೆಗೆ ನೋಡಿದಾಗ, ಟ್ರಿಗರ್ ಯಾವ ಚಾನೆಲ್ಲಿನಿಂದ ಬೇಕೆಂದು ಆರಿಸುವ ಸ್ವಿಚ್ಚಿನ ಒಂದು ಬದಿಗೆ ಬಂದ ಅಲೆ ಇನ್ನೊಂದು ಬದಿಯಿಂದ ಹೊರಡುತ್ತಿರಲಿಲ್ಲ. ಬೆಳ್ಳಿ ಲೇಪದ ಸಂಪರ್ಕಗಳು ಕಪ್ಪಾಗಿದ್ದವು. ಗಟ್ಟಿ ಕಾಗದದ ತುಂಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಸಂಪರ್ಕಗಳ ನಡುವೆ ಮೆಲ್ಲಗೆ ಎಳೆದು ತೆಗೆದೆವು. ಕಾಗದದ ಮೇಲೆ ಕಾಡಿಗೆಯಂಥ ಗೆರೆ ಮೂಡಿತು. ಎರಡು ಸಲ, ಮೂರು ಸಲ. ಮರಳುಕಾಗದ ಹಾಕಿ ಉಜ್ಜುವವರಿದ್ದಾರೆ. ಹಾಗೆ ಮಾಡಿದರೆ ಬೆಳ್ಳಿಯೇ ಹೋಗಿ ಸ್ವಿಚ್ಚು ಶಾಶ್ವತವಾಗಿ ಕೆಡುತ್ತದೆ.

ಲೆವೆಲ್ ನಾಬನ್ನು ಮತ್ತೆ ತಿರುಗಿಸಿದಾಗ ಓಡುತ್ತಿದ್ದ ಅಲೆ ಗಕ್ಕನೆ ನಿಂತಿತು. ಚುಕ್ಕೆ ಈಗ ತಿದ್ದತೊಡಗಿತ್ತು.

ಉಳಿದದ್ದು ಅಳತೆಯ ಸತ್ಯ. ಪ್ರೋಬನ್ನು ಯಂತ್ರದ್ದೇ 1 ಕಿಲೋಹರ್ಟ್ಸ್ ಚೌಕ ಅಲೆಗೆ ತಾಗಿಸಿ, ಮೂಲೆಗಳು ದುಂಡಾಗದಂತೆ, ಕೊಂಬು ಮೂಡದಂತೆ ಪ್ರೋಬಿನ ಟ್ರಿಮ್ಮರ್ ಹದಗೊಳಿಸಿದೆವು. 1 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ ಜೋಡಿಸಿ ಒಂದು ಅಲೆ ಸರಿಯಾಗಿ ಒಂದು ಮೈಕ್ರೋಸೆಕೆಂಡಿಗೆ ಮುಗಿಯುತ್ತದೆಯೇ ಎಂದು ಚೌಕ ಎಣಿಸಿದೆವು. 6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರಿಗೆ ತಾಗಿಸಿದರೆ ತುದಿಯಿಂದ ತುದಿಗೆ 17 ವೋಲ್ಟಿನ ಅಲೆ ಕಂಡಿತು. ಮೀಟರು 6 ಎನ್ನುವುದೂ ಸುಳ್ಳಲ್ಲ, ಪರದೆ 17 ಎನ್ನುವುದೂ ಸುಳ್ಳಲ್ಲ. ಮೀಟರು ಹೇಳುವುದು ಅಲೆಯ ಕಸುವನ್ನು, ಪರದೆ ತೋರಿಸುವುದು ಅದರ ಪೂರ್ತಿ ಎತ್ತರವನ್ನು. ಮೊದಲ ವರ್ಷದ ವಿದ್ಯಾರ್ಥಿಗೆ ಸೂತ್ರ ಬಾಯಿಪಾಠ ಮಾಡಿಸುವ ಬದಲು ಇದನ್ನೊಮ್ಮೆ ತೋರಿಸಿದರೆ ಸಾಕು.

ತಂಬೂರಿಯ ಗೆರೆ

ಆರನೇ ಭಾನುವಾರದ ಸಂಜೆ ಮೇಷ್ಟ್ರ ಮನೆಯ ತಂಬೂರಿಯ ಎದುರು ಒಂದು ಮೈಕ್ ಇಟ್ಟೆವು. ಸಾರಣಿ ತಂತಿ ಮೀಟಿದರೆ ಪರದೆಯಲ್ಲಿ ಅಲೆ ಎದ್ದಿತು. ಅದು ಪಠ್ಯಪುಸ್ತಕದ ನುಣುಪಾದ ಅಲೆಯಾಗಿರಲಿಲ್ಲ. ಒಂದೊಂದು ದೊಡ್ಡ ಉಬ್ಬಿನ ಮೇಲೂ ಪುಟ್ಟ ಪುಟ್ಟ ಹಲ್ಲುಗಳು. ಕುದುರೆಯ ಮೇಲೆ ತಂತಿಯ ಕೆಳಗಿನ ಜೀವಾಳದ ದಾರವನ್ನು ಮೇಷ್ಟ್ರು ಕೂದಲೆಳೆಯಷ್ಟು ಸರಿಸಿದರು. ನಾದ ಬಿಚ್ಚಿಕೊಂಡಿತು, ಪರದೆಯಲ್ಲಿ ಹಲ್ಲುಗಳು ದಟ್ಟವಾದವು. 1921ರಲ್ಲಿ ಸಿ.ವಿ. ರಾಮನ್ ತಂಬೂರಿ ಮತ್ತು ವೀಣೆಯ ಕುದುರೆಯ ರಚನೆಯನ್ನು ಅಭ್ಯಾಸ ಮಾಡಿ, ಅವುಗಳ ನಾದದಲ್ಲಿ ಅಷ್ಟೊಂದು ಉಪಸ್ವರಗಳು ಏಳುವುದು ಆ ಕುದುರೆಯಿಂದಲೇ ಎಂದು ಬರೆದಿದ್ದರು. ಆ ಮಾತು ಪರದೆಯ ಮೇಲೆ ಹಸಿರಾಗಿ ಮಿನುಗುತ್ತಿತ್ತು. ನಾದ ಅಡಗುತ್ತ ಹೋದಂತೆ ಹಲ್ಲುಗಳು ಮೊದಲು ಕರಗಿದವು, ಆಮೇಲೆ ಅಲೆ, ಕೊನೆಗೆ ನೆಟ್ಟಗಿನ ಗೆರೆ.

ಇವತ್ತಿನ ಡಿಜಿಟಲ್ ಆಸಿಲೋಸ್ಕೋಪುಗಳು ಇದಕ್ಕಿಂತ ಬಹಳ ಹೆಚ್ಚು ಮಾಡುತ್ತವೆ. ಒಂದೇ ಸಲ ಬಂದು ಹೋದ ಸಿಗ್ನಲನ್ನು ನೆನಪಿಟ್ಟುಕೊಳ್ಳುತ್ತವೆ, ತಾವೇ ಅಳೆದು ಸಂಖ್ಯೆ ಕೊಡುತ್ತವೆ. ಕಾರ್ಖಾನೆಗೆ, ಸಂಶೋಧನೆಗೆ ಅವು ಬೇಕೇ ಬೇಕು. ಕಾಲೇಜುಗಳು ಅವನ್ನು ಕೊಂಡದ್ದು ಸರಿಯಾದ ಕೆಲಸ. ನನ್ನ ಕೊರಗು ಇನ್ನೊಂದು. ಅವುಗಳ ಒಳಗೆ ಅಲೆ ಸಂಖ್ಯೆಯಾಗಿ ಚಿಪ್ಪಿನೊಳಗೆ ಮರೆಯಾಗುತ್ತದೆ. ಅದರ ಹಿಂದೆ ಬೆರಳಿಟ್ಟು ಹೋಗಲು ವಿದ್ಯಾರ್ಥಿಗೆ ದಾರಿಯಿಲ್ಲ. ಹಳೆಯದರಲ್ಲಿ ಇನ್‌ಪುಟ್‌ನಿಂದ ಪರದೆಯವರೆಗೆ ಇಡೀ ದಾರಿ ತೆರೆದಿದೆ.

ನಕ್ಷೆ ಕೊಟ್ಟು ಮಾರಿದ ಕಾಲ

ದಾರಿ ತೆರೆದಿದ್ದದ್ದು ಆಕಸ್ಮಿಕವಲ್ಲ. ಆ ಕಾಲದ ತಯಾರಕರು ಯಂತ್ರದ ಜೊತೆಗೆ ದಪ್ಪ ಪುಸ್ತಕ ಕೊಡುತ್ತಿದ್ದರು. ಅದರಲ್ಲಿ ಪೂರ್ತಿ ಸರ್ಕ್ಯೂಟ್, ಬಿಡಿಭಾಗಗಳ ಪಟ್ಟಿ, ಎಲ್ಲೆಲ್ಲಿ ಎಷ್ಟು ವೋಲ್ಟ್, ಎಲ್ಲೆಲ್ಲಿ ಯಾವ ಆಕಾರದ ಅಲೆ ಎಂಬ ವಿವರವೆಲ್ಲ ಇರುತ್ತಿತ್ತು. ಟೆಕ್‌ಟ್ರಾನಿಕ್ಸ್‌ನ ವಾಲ್ವ್ ಕಾಲದ ಯಂತ್ರಗಳಲ್ಲಿ ಬಿಡಿಭಾಗಗಳನ್ನು ಬೆಸೆಯುತ್ತಿದ್ದದ್ದು ಬೆಳ್ಳಿ ಲೇಪಿಸಿದ ಪಿಂಗಾಣಿ ಪಟ್ಟಿಗಳ ಮೇಲೆ. ಸಾಮಾನ್ಯ ಸೋಲ್ಡರ್ ಹಾಕಿದರೆ ಅದು ಪಟ್ಟಿಯ ಬೆಳ್ಳಿಯನ್ನೇ ಕರಗಿಸಿಕೊಳ್ಳುತ್ತಿತ್ತು. ಹಾಗಾಗಿ ಶೇ 3ರಷ್ಟು ಬೆಳ್ಳಿ ಬೆರೆತ ಸೋಲ್ಡರಿನ ಪುಟ್ಟ ಸುರುಳಿಯೊಂದನ್ನು ಯಂತ್ರದ ಒಳಗೇ ಇಟ್ಟು ಕಳಿಸುತ್ತಿದ್ದರು. ಯಾರೋ ಒಬ್ಬರು, ಎಷ್ಟೋ ವರ್ಷಗಳ ಮೇಲೆ, ಎಲ್ಲೋ ದೂರದ ಊರಿನಲ್ಲಿ ಇದನ್ನು ಬಿಚ್ಚುತ್ತಾರೆ, ಅವರಿಗೆ ಇದು ಬೇಕಾಗುತ್ತದೆ ಎಂದು ನಂಬಿ ಇಟ್ಟದ್ದು ಅದು. ಕೊಂಡವರ ಕೈಯ ಮೇಲೆ ಅಷ್ಟು ವಿಶ್ವಾಸವಿಟ್ಟ ತಯಾರಿಕೆ ಈಗ ಅಪರೂಪ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಕೊಂಡ ವಸ್ತುವನ್ನು ಸರಿಪಡಿಸಿಕೊಳ್ಳಲು ಬೇಕಾದ ಮಾಹಿತಿ, ಬಿಡಿಭಾಗ ಸಿಗಬೇಕೆಂಬ ಮಾತು ಈಗ ಸರ್ಕಾರದ ಮಟ್ಟದಲ್ಲೂ ಕೇಳುತ್ತಿದೆ. ಒಳ್ಳೆಯದೇ. ಆದರೆ ಹಕ್ಕು ಬಂದ ದಿನ ಅದನ್ನು ಚಲಾಯಿಸಲು ಬಲ್ಲ ಕೈಗಳು ಬೇಕಲ್ಲ? 1948ರಲ್ಲಿ ಐಟಿಐ ದೂರವಾಣಿ ಕಾರ್ಖಾನೆ, 1954ರಲ್ಲಿ ಬಿಇಎಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಶುರುವಾದ ಬೆಂಗಳೂರಿನಲ್ಲಿ ಅಂಥ ಕೈಗಳಿಗೆ ಬರ ಇರಲಿಲ್ಲ. ಆ ಕೈಗಳು ತಯಾರಾದದ್ದು ಕೆಟ್ಟ ಯಂತ್ರಗಳ ಎದುರು ಕೂತು.

ಆದ್ದರಿಂದ ಕಾಲೇಜುಗಳ ಪ್ರಾಂಶುಪಾಲರಲ್ಲಿ, ವಿಭಾಗದ ಮುಖ್ಯಸ್ಥರಲ್ಲಿ ನನ್ನ ಬೇಡಿಕೆ ಚಿಕ್ಕದು. ಹಳೆಯ ಸಿಆರ್‌ಓಗಳನ್ನೆಲ್ಲ ಹರಾಜಿಗೆ ಹಾಕಬೇಡಿ. ಎರಡನ್ನು ಉಳಿಸಿಕೊಳ್ಳಿ, ಪುಸ್ತಕದ ಸಮೇತ. ಅಧಿಕ ವೋಲ್ಟೇಜಿನ ಭಾಗಕ್ಕೆ ಭದ್ರವಾದ ಮುಚ್ಚಳ ಹಾಕಿ, ಉಳಿದದ್ದನ್ನು ತೆರೆದಿಡಿ. ಅವು ಅಳತೆಗೆ ಬೇಡ, ಹುಡುಕುವುದನ್ನು ಕಲಿಸಲು ಬೇಕು. ತಪ್ಪನ್ನು ಹುಡುಕಿ ತಿದ್ದುವುದೂ, ಅಕ್ಷರದ ಮೇಲೆ ಬೆರಳಾಡಿಸಿ ತಿದ್ದುವುದೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಎರಡೂ ಕೈಗೆ ಹತ್ತುವುದು ಮತ್ತೆ ಮತ್ತೆ ಮಾಡಿದಾಗಲೇ.

ಏಳನೇ ನಂಬರು ಈಗ ನನ್ನ ಮನೆಯಲ್ಲಿಲ್ಲ. ಅದನ್ನು ಒಂದು ಪಾಲಿಟೆಕ್ನಿಕ್‌ಗೆ ಕೊಟ್ಟೆವು. ಕೊಡುವ ಹಿಂದಿನ ದಿನ ಮೇಷ್ಟ್ರು ವರ್ಟಿಕಲ್ ಆಂಪ್ಲಿಫೈಯರಿನ ಒಂದು ರೆಸಿಸ್ಟರಿನ ಕಾಲನ್ನು ಬಿಡಿಸಿ, ಏನೂ ಆಗದಂತೆ ಹಾಗೆಯೇ ಕೂರಿಸಿದರು. ಮರುದಿನ ಇಬ್ಬರು ಹುಡುಗಿಯರು, ಒಬ್ಬ ಹುಡುಗ ಅದರ ಸುತ್ತ ನಿಂತರು. ಹುಡುಗ ಮೊದಲ ಹತ್ತು ನಿಮಿಷ ನಾಬ್‌ಗಳನ್ನು ತಿರುಗಿಸಿದ. ಆಮೇಲೆ ಮೂವರೂ ಪುಸ್ತಕ ಬಿಡಿಸಿ, ಮೀಟರ್ ಹಿಡಿದು, ಪ್ಲಸ್ 12ರಿಂದ ಶುರುಮಾಡಿದರು. ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ, ಒಂದು ಮಾತೂ ಆಡಲಿಲ್ಲ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಸಡಿಲವಾದ ಕಾಲು ಸಿಕ್ಕಿತು. ಬೆಸೆದು ಸ್ವಿಚ್ ಹಾಕಿದಾಗ ಗೆರೆ ಮೇಲಿನಿಂದ ಇಳಿದು ನಡುವೆ ನಿಂತಿತು.

ಸೋಲ್ಡರಿಂಗ್ ಐರನ್ ಇನ್ನೂ ಕೈಯಲ್ಲಿ ಹಿಡಿದಿದ್ದ ಹುಡುಗಿ ಮೇಷ್ಟ್ರ ಕಡೆ ತಿರುಗಿದಳು.

‘ಇನ್ನೊಂದು ಫಾಲ್ಟ್ ಹಾಕಿಕೊಡ್ತೀರಾ ಸರ್?’